ಭಾತಂಬ್ರಾ ದಾರಿಯ ಪೇರಲ ಗಿಡ

ಭಾಲ್ಕಿಯ ಹಣ್ಣಿನ ವ್ಯಾಪಾರಿ ಹಾವಗೆಪ್ಪನಿಗೆ ಸಿಟ್ಟು ಬರುತ್ತಿರಲಿಲ್ಲ; ಬಾಡಿಗೆ ಕೊಡದೆ ಅವನಲ್ಲೇ ವಾಸವಾಗಿತ್ತು. ಗಿರಾಕಿ ಹಣ್ಣು ಒತ್ತಿ ನೋಡಿದರೆ ಸಿಟ್ಟು. ಒತ್ತದೆ ಕೊಂಡರೆ ಇವನಿಗೆ ಹಣ್ಣಿನ ಪರೀಕ್ಷೆಯೇ ಇಲ್ಲವಲ್ಲ ಎಂದು ಸಿಟ್ಟು. ಎಲ್ಲಕ್ಕಿಂತ ಹೆಚ್ಚಿನದು ಭಾತಂಬ್ರಾ ದಾರಿಯಲ್ಲಿದ್ದ ತನ್ನದೇ ಪೇರಲ ಗಿಡದ ಮೇಲೆ. ಹಣ್ಣು ಸಕ್ಕರೆ. ಆದರೆ ಬಂಡಿ ಬೀದರ್ ಮುಟ್ಟುವಷ್ಟರಲ್ಲಿ ಬುಟ್ಟಿಯೊಳಗೆ ಹಿಂಡಿಯಾಗಿರುತ್ತಿತ್ತು. ಈಗ ಗಿಡವೇ ಒಣಗತೊಡಗಿತ್ತು. ಬರುವ ವರ್ಷ ಹೂ ಬಿಡುವ ಭರವಸೆಯಿರಲಿಲ್ಲ. ಅದರ ಸಿಹಿ ಉಳಿಯಬೇಕಾದರೆ ಇದೇ ಕೊನೆಯ ಸುಗ್ಗಿ.

ಎರಡು ಗಿಡಗಳ ಗುಣವನ್ನು ಒಂದೇ ಬೀಜದಲ್ಲಿ ಕೂಡಿಸುವ ಕೆಲಸವನ್ನು ಅವನು ಹೈದರಾಬಾದಿನ ತೋಟವೊಂದರಲ್ಲಿ ನೋಡಿ ಬಂದಿದ್ದ. ಔರಾದಿನ ಗಟ್ಟಿ ಸಿಪ್ಪೆಯ ಪೇರಲದ ಹೂ ತಂದು, ಪರಾಗದ ಪುಡಿಯನ್ನು ನೆರಳಲ್ಲಿ ಒಣಗಿಸಿ, ಖಾಲಿ ಅತ್ತರ್ ಸೀಸೆಗೆ ತುಂಬಿದ. ತನ್ನ ಗಿಡದ ಮೊಗ್ಗುಗಳನ್ನು ಅರಳುವ ಮೊದಲೇ ಬಿಡಿಸಿ, ಒಳಗಿನ ಕೇಸರಗಳನ್ನು ಚಿಮಟದಿಂದ ಕಿತ್ತ. ಒಂದೂ ಉಳಿದಿಲ್ಲವೆಂದು ಭೂತಗನ್ನಡಿಯಲ್ಲಿ ನೋಡಿ, ನಡುವಿನ ಎಳೆಯ ತುದಿಗೆ ಔರಾದಿನ ಪುಡಿ ಸವರಿದ. ಜೇನುನೊಣ ಬೇರೆ ಪುಡಿ ತಂದು ಕೆಡಿಸಬಾರದೆಂದು ಪ್ರತಿ ಹೂವಿಗೂ ತೆಳು ಮಲಮಲ್ ಬಟ್ಟೆಯ ಚೀಲ ತೊಡಿಸಿ ಗಂಟು ಹಾಕಿದ. ಪುಡಿ ಹಾರಿಸುತ್ತದೆಂದು ಆಗ ತನ್ನ ಉಸಿರನ್ನೂ ಬೈಯುತ್ತಿದ್ದ.

ದಾರಿಬದಿಯ ಗಿಡದ ತುಂಬ ಗಂಟು ಕಟ್ಟಿದರೆ ಜನ ಏನು ತಿಳಿಯುತ್ತಾರೆಂಬುದು ಮಾತ್ರ ಇಂಥ ವ್ಯಾಪಾರಿಗೂ ಹೊಳೆಯಲಿಲ್ಲ. ಹರಕೆ ಹೊತ್ತವರು ಗಿಡಕ್ಕೆ ಬಟ್ಟೆ ಕಟ್ಟುವುದು, ಬೇಡಿದ್ದು ಕೈಗೂಡಿದರೆ ಬಂದು ಒಂದು ಗಂಟು ಬಿಚ್ಚುವುದು ಅಲ್ಲಿಯ ರೂಢಿ. ಇಂಥವರ ಸೀರೆಯ ಚುಂಗೆಂದು ಗುರುತಿದ್ದ ಗಂಟನ್ನು ಯಾರೂ ಮುಟ್ಟರು, ಗುರುತಿಲ್ಲದ್ದು ಎಲ್ಲರದೂ.

ಸಂತೆ ಮುಗಿಸಿ ಬಂದಾಗ ಗಿಡದ ತುಂಬ ಕೆಂಪು, ಹಳದಿ ಚಿಂದಿ ತೂಗುತ್ತಿದ್ದವು. ಅವನ ಚೀಲಗಳು ನೆಲದಲ್ಲಿದ್ದವು. ಹೈನು ಮಾರುವ ಚಂದ್ರಭಾಗಾ ಇನ್ನೊಂದನ್ನು ಬಿಚ್ಚುತ್ತಿದ್ದಳು.

"ಕಳದ ಎಮ್ಮಿ ತಿರುಗಿ ಬಂದದರಿ ಸಾವಕಾರ್ರ," ಎಂದಳು. "ಗಂಟು ಬಿಚ್ಚಲಿಲ್ಲಂದ್ರ ಹಾಲು ಬತ್ತತದ."

"ನಿನ್ನ ಎಮ್ಮಿ ಬಂತಂತ ನನ್ನ ಹೂ ಕೆಡಸ್ತಿ? ಇದೇನು ದೇವರ ಗಿಡ ಅದ?"

"ಅಲ್ಲಂದ್ರ ಕೂಸಿಗೆ ತೊಡಿಸಿದಂಗ ಕುಂಚಗಿ ಯಾಕ ತೊಡಿಸೀರಿ?"

ಹಾವಗೆಪ್ಪ ದನಿ ಏರಿಸಿದ. ಅವಳ ಎಮ್ಮೆಯನ್ನು, ಎಮ್ಮೆ ಹುಡುಕಿ ತಂದವನನ್ನು, ಗಂಟು ಹಾಕುವುದನ್ನು ಕಂಡುಹಿಡಿದವನನ್ನು ಬೈದ. ತೆರೆದ ಹೂಗಳ ಮೇಲೆ ಜೇನುನೊಣಗಳು ಆಗಲೇ ಓಡಾಡುತ್ತಿದ್ದವು. ಮತ್ತೆ ಚೀಲ ತೊಡಿಸಿ ಪ್ರಯೋಜನವಿರಲಿಲ್ಲ. ಒಂದೇ ಒಂದು ಚೀಲ ಉಳಿದಿತ್ತು, ಅದರ ಮೇಲೆ ಹಸಿರು ಇಳಕಲ್ ಸೀರೆಯ ಚುಂಗು ಬಿಗಿಯಾಗಿ ಸುತ್ತಿತ್ತು. ಆ ಸೀರೆ ಅವನ ಮನೆಯದೇ.

ಮನೆಗೆ ಬಂದವನೇ ಹೆಂಡತಿ ಲಲಿತಾಬಾಯಿಯನ್ನು ಏನು ಬೇಡಿಕೊಂಡೆ ಎಂದು ಗದರಿದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಸಿಟ್ಟು ಇಳೀಲಂತ ಬೇಡಕೊಂಡೇನಿ. ಇಳದ ದಿವ್ಸ ಹೋಗಿ ಬಿಚ್ಚತೇನಿ."

ಹಾವಗೆಪ್ಪ ಲೆಕ್ಕ ಹಾಕಿದ: ಸಿಟ್ಟು ಇಳಿದರೆ ಉಳಿದ ಒಂದು ಚೀಲವೂ ಹೋಯಿತು. ಮರುಕ್ಷಣ ಪಲ್ಯಕ್ಕೆ ಉಪ್ಪಿಲ್ಲವೆಂದು ಕೂಗಾಡಿದ. ಅವನಿನ್ನೂ ಬಾಯಿಗೇ ಇಟ್ಟಿರಲಿಲ್ಲ. ಹೂವಿನ ದಳ ಉದುರುವವರೆಗೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ನಗು ಬಂದರೆ ಗೋಡೆಗೆ ಮುಖ ಮಾಡುತ್ತಿದ್ದ.

ಕೊನೆಗೆ ಚೀಲದೊಳಗೆ ಕಾಯಿ ಕಚ್ಚಿ ಬಲಿಯಿತು.

"ಈಗರ ಬಿಚ್ಚಲೇನ್ರಿ?" ಎಂದಳು ಲಲಿತಾಬಾಯಿ.

"ಹಣ್ಣಾಗಲಿ ತಡಿ," ಎಂದು ಗುಡುಗಿದ. "ಗಿಳಿ ಭಾಳ ಅವ."