ತಮ್ಮನಿಗಾಗಿ ಕೇಳಿದ ಮತ

ಬಟ್ಟೆ ಹೊಲಿಯುವ ಅಕ್ಕನ ಮಾತೆಂದರೆ ಆ ಬೀದಿಗೆಲ್ಲ ನಂಬಿಕೆ. ಮಿಕ್ಕ ಅಂಗೈಯಗಲದ ತುಂಡನ್ನೂ ಮಡಚಿ ವಾಪಸು ಕೊಡುವವಳು. ಅವಳ ತಮ್ಮ ನಗರಸಭೆ ಚುನಾವಣೆಗೆ ನಿಂತಾಗ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಚಪ್ಪಲಿ ಸವೆಯುವಷ್ಟು ಮನೆಮನೆ ಸುತ್ತಿದಳು.

"ನಾನು ಎತ್ತಿ ಆಡಿಸಿದ ಹುಡುಗ. ಕದ್ದು ತಿನ್ನೋನಲ್ಲ. ನನ್ನ ಮುಖ ನೋಡಿ ಹಾಕಿ."

ಜನ ಹಾಕಿದರು. ತಮ್ಮ ಗೆದ್ದ, ಶಾಲೆಗೆ ಹೊಸ ಕೋಣೆ ಕಟ್ಟಿಸಿದ. ಮರುವರ್ಷವೇ ಅದರ ಚಾವಣಿ ಕಳಚಿ ಬಿದ್ದು ಪಕ್ಕದ ಮನೆಯ ಹುಡುಗಿಯ ಮೊಣಕೈ ಜಜ್ಜಿಹೋಯಿತು. ಬಿದ್ದ ಗಾರೆಯನ್ನು ಬೆರಳಲ್ಲಿ ತಿಕ್ಕಿದರೆ ಹಿಟ್ಟಿನಂತೆ ಉದುರುತ್ತಿತ್ತು.

ಹುಡುಗಿಯ ತಾಯಿ ಅಕ್ಕನ ಬಾಗಿಲಲ್ಲಿ ನಿಂತು ಹೇಳಿದಳು: "ಬೇಲಿನೇ ಹೊಲ ಮೇಯ್ತು. ಆ ಬೇಲಿ ತಂದು ನೆಟ್ಟೋಳು ನೀನೇ ಅಕ್ಕಾ."

ಅಕ್ಕ ನೇರ ತಮ್ಮನ ಮನೆಗೆ ನುಗ್ಗಿದಳು. "ಸಿಮೆಂಟಲ್ಲೂ ತಿಂದ್ಯೇನೋ?"

ಅವನು ತಲೆ ತಗ್ಗಿಸಲಿಲ್ಲ. "ನಾನೊಬ್ಬನೇನಾ? ಬೆಳಗಾದ್ರೆ ನಿಮ್ಮ ಬೀದಿಯೋರೇ ಬರ್ತಾರೆ. ಒಬ್ಬ ಅಂಗಡಿನ ರಸ್ತೆಗೆ ಚಾಚಬೇಕು ಅಂತಾನೆ, ಇನ್ನೊಬ್ಬ ಮಗನಿಗೆ ಕೆಲಸ ಕೊಡ್ಸು ಅಂತಾನೆ. ಅಷ್ಟ್ಯಾಕೆ, ಭಾವನ ವರ್ಗಾವಣೆ ತಾನಾಗೇ ನಿಂತ್ಹೋಯ್ತಾ?"

ಅಕ್ಕನ ಗಂಡ ಬಸ್ ಚಾಲಕ. ಬೇರೆ ಊರಿಗೆ ಹಾಕಿದ್ದ ಆದೇಶ ಅದೃಷ್ಟದಿಂದ ರದ್ದಾಯಿತೆಂದು ಹೇಳಿದ್ದ. ಮನೆಗೆ ಬಂದು ಕೇಳಿದಾಗ ಅವನು ಟವೆಲಿನಲ್ಲಿ ಮುಖ ಒರೆಸುತ್ತಲೇ ಉತ್ತರಿಸಿದ: "ಹೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಹೇಳ್ಲಿಲ್ಲ. ಯಾರು ಮಾಡಿಸ್ಕೊಳ್ಳಲ್ಲ ಹೇಳು?"

ಮುಂದಿನ ಚುನಾವಣೆ ಬಂತು. ಅಕ್ಕ ಮತ್ತೆ ಅವೇ ಬಾಗಿಲುಗಳನ್ನು ತಟ್ಟಿದಳು. "ಈ ಸಲ ಅವನಿಗೆ ಹಾಕ್ಬೇಡಿ." ಎಲ್ಲರೂ ಕೂರಿಸಿದರು, ನೀರು ಕೊಟ್ಟರು, ಹೌದೌದು ಎಂದು ತಲೆಯಾಡಿಸಿದರು. ತಮ್ಮ ಮೊದಲಿಗಿಂತ ಹೆಚ್ಚು ಮತ ಪಡೆದು ಗೆದ್ದ.

ಆ ವಾರವೇ ಪಕ್ಕದ ಮನೆಯವಳು ಮಗಳನ್ನು ಕರೆದುಕೊಂಡು ಅಂಗಿ ಹೊಲಿಸಲು ಬಂದಳು. ತಂದ ಬಟ್ಟೆಯ ಮಡಿಕೆ ಬಿಚ್ಚುತ್ತ, ಮುಖ ನೋಡದೆ ಹೇಳಿದಳು: "ನಾವೂ ಅವನಿಗೇ ಹಾಕಿದ್ವಿ ಅಕ್ಕಾ. ಮಹಡಿ ಕಟ್ತಿದೀವಲ್ಲ, ಪರವಾನಗಿ ಅವನ ಕೈಲಿದೆ."

"ಇವಳ ಕೈ?"

"ಅದಂತೂ ಇನ್ನು ನೆಟ್ಟಗಾಗಲ್ಲ. ಮನೆನಾದ್ರೂ ಆಗ್ಲಿ."

ತಮ್ಮನನ್ನು, ಗಂಡನನ್ನು ಅಕ್ಕ ಬಾಯಿ ತುಂಬ ಬೈದಿದ್ದಳು. ಇವಳನ್ನು ಬೈಯದೆ ಅಳತೆಯ ಟೇಪು ಕೈಗೆತ್ತಿಕೊಂಡಳು.

"ತೋಳು ಸ್ವಲ್ಪ ಸಡಿಲ ಇರ್ಲಿ, ಅತ್ತೆ," ಎಂದಳು ಹುಡುಗಿ. "ಹಾಕ್ಕೊಳೋವಾಗ ನೋಯತ್ತೆ."

ಅಕ್ಕ ಅವಳನ್ನು ಹತ್ತಿರಕ್ಕೆಳೆದು, ಸೊಟ್ಟಗೆ ನಿಂತ ಆ ಕೈಯ ಅಳತೆ ತೆಗೆದುಕೊಂಡಳು.