ಖಾಲಿ ಬಿಟ್ಟರೆ ಸೊನ್ನೆ

ನಮ್ಮ ಮ್ಯಾನೇಜರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಕೂತು ನಾವು ಮೂವರು ಕಾಫಿ ಎಸ್ಟೇಟುಗಳಿಗೆ ಮೊಬೈಲ್ ಆ್ಯಪ್ ಬರೆಯುತ್ತಿದ್ದೆವು. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಕಣದಲ್ಲಿ ಒಣಗಿಸುವ ಪಾರ್ಚ್‌ಮೆಂಟ್ ಕಾಫಿಯ ತೇವಾಂಶವನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದಾಖಲಿಸಿದರೆ, ಅದನ್ನು ಚೀಲಕ್ಕೆ ತುಂಬಬಹುದೋ ಇಲ್ಲವೋ ಎಂದು ಆ್ಯಪ್ ಹೇಳಬೇಕು.

ಮ್ಯಾನೇಜರು ಜೀವಮಾನವೆಲ್ಲ ಜಾವಾದಲ್ಲಿ ಬರೆದವರು. ಅಲ್ಲಿ ಸಂಖ್ಯೆಯ ಜಾಗದಲ್ಲಿ ಬೇರೇನಾದರೂ ಇಟ್ಟರೆ ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ತಗಾದೆ ತೆಗೆಯುತ್ತದೆ. ಆಮೇಲೆ ಇಬ್ಬರು ಕೋಡ್ ಓದಿ ಸಹಿ ಹಾಕಿದರೆ ಸಾಕು. ನಾವು ಬರೆಯುತ್ತಿದ್ದುದು ಜಾವಾಸ್ಕ್ರಿಪ್ಟಿನಲ್ಲಿ. ಅದು ಕೊಟ್ಟದ್ದನ್ನೆಲ್ಲ ತೆಪ್ಪಗೆ ನುಂಗುತ್ತದೆ. ಖಾಲಿ ಬಿಟ್ಟರೆ ಸೊನ್ನೆ ಎಂದುಕೊಳ್ಳುತ್ತದೆ. ಇಲ್ಲಿ ಬರೀ ಓದಿದರೆ ಆಗುವುದಿಲ್ಲ, ಎಲ್ಲ ಎಡವಟ್ಟುಗಳನ್ನೂ ಕೊಟ್ಟು ಓಡಿಸಿ ನೋಡುವ ಟೆಸ್ಟ್ ಬರೆಯಬೇಕು, ಮೂರು ದಿನ ಕೊಡಿ ಎಂದೆ. ಖಾಲಿ ಬಿಟ್ಟರೆ ಏನಾಗುತ್ತದೆಂದು ತೋರಿಸಿದೆ ಕೂಡ.

"ಖಾಲಿ ಯಾಕ್ ಬಿಡ್ತಾರೆ ಮಾರಾಯ? ನಾನು ಎಷ್ಟು ಪ್ರಾಜೆಕ್ಟ್ ಮುಗ್ಸಿದೀನಿ ಗೊತ್ತಾ? ಸುಮ್ನೆ ಸಹಿ ಹಾಕು" ಎಂದರು. ಹಾಕಿದೆ.

ಈ ಮಹಾಶಯರು ಕಣಕ್ಕೆ ಕಾಲಿಟ್ಟವರೇ ಅಲ್ಲ. ಮೋಡ ಕವಿದ ದಿನ ನಮ್ಮ ಕಡೆ ಯಾರೂ ತೇವಾಂಶ ಅಳೆಯುವುದಿಲ್ಲ. ಕಾಫಿ ಒಣಗಿಲ್ಲವೆಂದು ಎಲ್ಲರಿಗೂ ಗೊತ್ತು, ಆ ಜಾಗ ಖಾಲಿ ಬಿಡುವುದೇ ರೂಢಿ. ಜಾವಳಿ ಹತ್ತಿರದ ಎಸ್ಟೇಟಿನ ರೈಟರ್ ಹಾಗೆಯೇ ಬಿಟ್ಟ. ಆ್ಯಪ್ ಅದನ್ನು ಸೊನ್ನೆ ತೇವಾಂಶವೆಂದು ಓದಿ 'ತುಂಬಬಹುದು' ಎಂದಿತು. ಚಿಕ್ಕಮಗಳೂರಿನಲ್ಲಿದ್ದ ಮಾಲೀಕರು ಅದನ್ನು ತಮ್ಮ ಮೊಬೈಲಿನಲ್ಲಿ ನೋಡಿ, ತುಂಬಲು ಫೋನ್ ಮಾಡಿದರು. ಕಣದ ಮೇಸ್ತ್ರಿ ಬೀಜ ಕಚ್ಚಿ ನೋಡಿ, ಇನ್ನೂ ಹಸಿ ಇದೆ ಎಂದರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವು ವಾರಗಳ ನಂತರ ಚೀಲ ಬಿಚ್ಚಿದರೆ ಬೂಸ್ಟು ಹಿಡಿದಿತ್ತು. ಸರಿಯಾಗಿ ಒಣಗಿಸಲಿಲ್ಲವೆಂದು ಮೇಸ್ತ್ರಿಯನ್ನೇ ಕೆಲಸದಿಂದ ತೆಗೆದರು.

ಸುದ್ದಿ ಕೇಳಿದ್ದೇ ನಾನು ಹೋಗಿ, ತಪ್ಪು ನಮ್ಮ ಆ್ಯಪಿನದು ಎಂದು ಮಾಲೀಕರ ಎದುರೇ ಹೇಳಿದೆ. ಅವರು ಗೊಣಗುತ್ತ ಮೇಸ್ತ್ರಿಯನ್ನು ಮತ್ತೆ ಕರೆಸಿದರು. ಮ್ಯಾನೇಜರು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು. ನಾನೂ ಬಿಡಲಿಲ್ಲ.

ಆಮೇಲೆ ಕಣಕ್ಕೆ ಹೋದೆ. ಮೇಸ್ತ್ರಿ ಎರಡು ಒಳ್ಳೆಯ ಮಾತಾಡುತ್ತಾರೆ ಎಂಬ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಅವರು ಕಾಫಿ ಹರಡುವುದನ್ನು ನಿಲ್ಲಿಸಿ ಕೇಳಿದರು:

"ಹಿಂಗಾಗುತ್ತೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

"ನಂಗೂ ಗೊತ್ತಿತ್ತು. ನನ್ ಮಾತು ಯಾರೂ ಕೇಳ್ಲಿಲ್ಲ. ನೀವು ಓದಿದೋರು, ನೀವ್ಯಾಕೆ ಆ ಆ್ಯಪ್ ಕೊಟ್ರಿ?"

ಉತ್ತರಕ್ಕೂ ಕಾಯದೆ ಅವರು ಬೆನ್ನು ತಿರುಗಿಸಿ ಕೆಲಸ ಮುಂದುವರಿಸಿದರು.