ಕಾಳನ ಬಣ್ಣ

ಬಣ್ಣದ ವಿಷಯದಲ್ಲಿ ನನ್ನ ಮಾತನ್ನು ನಂಬಬೇಡಿ. ಸೀರೆ ಅಂಗಡಿಗೆ ಹೋದರೆ ನನ್ನ ಹೆಂಡತಿ ನನ್ನನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಿಸಿಯೇ ಒಳಗೆ ಹೋಗುತ್ತಾಳೆ. ಗಿಣಿ ಹಸಿರು ಯಾವುದು, ಎಲೆ ಹಸಿರು ಯಾವುದು ಎಂದು ಕೇಳಿದರೆ ಎರಡೂ ಚೆನ್ನಾಗಿದೆ ಅನ್ನುವ ಜಾತಿ ನನ್ನದು. ಇಂಥವನಿಗೆ ಸರ್ಕಾರ ಮೂವತ್ತು ವರ್ಷ ಸಂಬಳ ಕೊಟ್ಟು ಪ್ರಾಣಿಗಳ ಬಣ್ಣ ಬರೆಸಿತು. ಚನ್ನಪಟ್ಟಣದ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ನಾನು ಪರೀಕ್ಷಕನಾಗಿದ್ದೆ. ಜನ ಪ್ರೀತಿಯಿಂದ ಡಾಕ್ಟ್ರೇ ಅನ್ನುತ್ತಿದ್ದರು, ನಾನೂ ತಿದ್ದಲು ಹೋಗುತ್ತಿರಲಿಲ್ಲ.

ಹಸು, ಎಮ್ಮೆಗಳಿಂದ ನನಗೆ ತೊಂದರೆಯಾಗಲಿಲ್ಲ. ಕುದುರೆಯ ಬಣ್ಣ ಹೇಳುವುದು ಮಾತ್ರ ದೊಡ್ಡ ವಿದ್ಯೆ. ಜಟಕಾದವರ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ಮಸ್ತಾನ್ ಸಾಬರು, ನಾನು ಕಂದು ಅಂದದ್ದನ್ನೆಲ್ಲ ಎರಡು ಮಾಡುತ್ತಿದ್ದರು. ಮೈ ಕಂದಾಗಿ ಜೂಲು, ಬಾಲ ಕಪ್ಪಗಿದ್ದರೆ ಕುಮೈತ್. ಜೂಲೂ ಕೆಂಪಗಿದ್ದರೆ ಸುರಂಗ್. ಬೂದು ಬಿಳುಪಿನ ಕುದುರೆ ಅವರ ಬಾಯಲ್ಲಿ ಸಬ್ಜಾ. ಸಬ್ಜಾ ಅಂದರೆ ಹಸಿರಲ್ಲವೇ ಅಂತ ಕೇಳಿದರೆ ನಕ್ಕುಬಿಡುತ್ತಿದ್ದರು. ನಮ್ಮ ಸಂಸ್ಕೃತ ಮೇಷ್ಟರೂ ಸೂರ್ಯನಿಗೆ ಹರಿದಶ್ವ ಎಂಬ ಹೆಸರಿದೆ, ಹಸಿರು ಕುದುರೆಯವನು ಎಂದರ್ಥ ಅಂದಿದ್ದರು. ಕ್ಯಾಲೆಂಡರಿನವರು ಮಾತ್ರ ಏಳಕ್ಕೂ ಬಿಳಿ ಬಳಿದು ಕೈ ತೊಳೆದುಕೊಂಡಿದ್ದಾರೆ. ಪುರಾಣದಲ್ಲಂತೂ ಸವತಿಯರಿಬ್ಬರು ಒಂದು ಕುದುರೆಯ ಬಾಲ ಬಿಳಿಯೋ ಕಪ್ಪೋ ಎಂದು ಪಣ ಕಟ್ಟುತ್ತಾರೆ. ಸರಿಯಾಗಿ ಹೇಳಿದವಳೇ ಮೋಸಕ್ಕೆ ಸಿಕ್ಕಿ ದಾಸಿಯಾಗುತ್ತಾಳೆ. ಆ ಕಥೆಯನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಹೊಂಬಾಳೇಗೌಡರಿಗೆ ಅಂಥ ಅನ್ಯಾಯ ಮಾಡುತ್ತಿರಲಿಲ್ಲ.

ಗೌಡರು ಚನ್ನಪಟ್ಟಣದ ಸ್ಟೇಷನ್ನಿನಿಂದ ದೊಡ್ಡಮಳೂರಿನ ದೇವಸ್ಥಾನಕ್ಕೆ ಜಟಕಾ ಹೊಡೆಯುತ್ತಿದ್ದರು. ಪರವಾನಗಿಗೆ ಆಸ್ಪತ್ರೆಯ ಚೀಟಿ ಬೇಕೆಂದು ಒಂದು ದಿನ ಮೂರು ವರ್ಷದ ಗಂಡು ಕುದುರೆಯನ್ನು ಹಿಡಿದುಕೊಂಡು ಬಂದರು. ಹೆಸರು ಕಾಳ. ನಾನು ರಿಜಿಸ್ಟರಿನಲ್ಲಿ, "ಬಣ್ಣ ಕಪ್ಪು. ಹಣೆಯಲ್ಲಿ ವೀಳ್ಯದೆಲೆಯಂಥ ಬಿಳಿ ಮಚ್ಚೆ, ತುದಿ ಎಡಕ್ಕೆ ವಾಲಿದೆ" ಎಂದು ಬರೆದೆ. ಕಣ್ಣಿನ ಸುತ್ತ ನಾಲ್ಕಾರು ಬಿಳಿ ಕೂದಲು ಕಂಡವು. ಧೂಳಿರಬೇಕೆಂದು ಕರವಸ್ತ್ರದಿಂದ ಒರೆಸಿದೆ, ಹೋಗಲಿಲ್ಲ. ಹೋಗದಿದ್ದರೆ ಇರಲಿ ಎಂದು ಸಹಿ ಹಾಕಿದೆ.

ಅದು ನಮ್ಮ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಜಟಕಾ ನಿಲ್ದಾಣದ ಹಿಂದಿನ ಹೊಲಕ್ಕೂ ಒಂದು ಬಂತು. ತಳಪಾಯಕ್ಕೆಂದು ಬಂಡೆ ಸಿಡಿಸಿದ ದಿನ ಕಾಳ ಬೆದರಿ, ಹಗ್ಗ ಹರಿದುಕೊಂಡು ಓಡಿಹೋಯಿತು. ಗೌಡರು ಮಾಗಡಿ ದಾಟಿ ಸೋಲೂರಿನವರೆಗೂ ಹುಡುಕಿದರು. ಸಿಗಲಿಲ್ಲ. ಇನ್ನೊಂದು ಕುದುರೆ ಕಟ್ಟಲು ಅವರಿಗೆ ಮನಸ್ಸು ಬರಲಿಲ್ಲ, ಅಷ್ಟರಲ್ಲಿ ಆಟೋಗಳೂ ಬಂದಿದ್ದವು. ಕಾರ್ಖಾನೆಯ ಕಾಂಪೌಂಡು ಹಳೆಯ ನಿಲ್ದಾಣದ ಮೇಲೇ ಎದ್ದಿತು. ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲುತೊಟ್ಟಿ ಗೋಡೆಯ ಅಡಿಗೆ ಸೇರಿತು.

ಎಂಟು ವರ್ಷ ಕಳೆದ ಮೇಲೆ, ಒಂದು ಧನುರ್ಮಾಸದಲ್ಲಿ, ಆ ಕಾರ್ಖಾನೆಯ ವಾಚ್‌ಮನ್ ಆಸ್ಪತ್ರೆಗೆ ಬಂದ. ಕೋಡಿಹಳ್ಳಿ ಕಡೆಯ ಗಟ್ಟಿ ಆಳು, ಆದರೆ ಮುಖ ಬಿಳಿಚಿಕೊಂಡಿತ್ತು.

"ಸಾ, ದಿನಾ ಒತ್ತಾರೆ ಬೆಳ್ಳಗಿರೋ ಒಂದ್ ಕುದ್ರೆ ಬತ್ತದೆ. ಕಾಲಿನ ಸದ್ದೇ ಇಲ್ಲ. ಗೋಡೆ ಬುಡುಕ್ಕೆ ಮೂತಿ ಇಕ್ಕಂಡು ನೀರ್ ಕುಡೀತದೆ. ಅಲ್ಲಿ ನೀರೇ ಇಲ್ಲ ಸಾ!"

ಮರುದಿನ ಬೆಳಿಗ್ಗೆ ನಾನೇ ಹೋದೆ. ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಅದರೊಳಗಿಂದ ಕುದುರೆ ಬಂತು. ಮಂಜು ಎಲ್ಲಿ ಮುಗಿಯಿತು, ಕುದುರೆ ಎಲ್ಲಿ ಶುರುವಾಯಿತು ನನಗೆ ತಿಳಿಯಲಿಲ್ಲ. ಕಾಲಿಗೆ ಲಾಳ ಇರಲಿಲ್ಲ, ಸದ್ದಿಲ್ಲದ್ದಕ್ಕೆ ಅದು ಕಾರಣ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಗೋಡೆಯ ಬುಡದ ಒಣ ಮಣ್ಣಿಗೆ ಬಾಯಿಟ್ಟಿತು. ಗಂಟಲು ಗುಟುಕು ಗುಟುಕಾಗಿ ಮೇಲೆ ಕೆಳಗೆ ಆಡತೊಡಗಿತು. ಅದಕ್ಕೆ ಕಾರಣ ಹೇಳಿಕೊಳ್ಳಲು ನನಗೆ ಆಗಲಿಲ್ಲ.

ಪಕ್ಕದಲ್ಲಿ ಯಾರೋ ಕೆಮ್ಮಿದರು. ತಲೆಗೆ ಟವೆಲ್ ಸುತ್ತಿಕೊಂಡು ಹೊಂಬಾಳೇಗೌಡರು ನಿಂತಿದ್ದರು. "ಡಾಕ್ಟ್ರೇ, ನಮ್ ಕಾಳ ಬಂದವ್ನೆ," ಅಂದರು.

ಓಡಿಹೋದದ್ದು ಕಪ್ಪು ಕುದುರೆ. ಸುದ್ದಿ ಕೇಳಿ ನೋಡಲು ಸೇರಿದ್ದ ನಾಲ್ಕು ಜನ ಅಲ್ಲೇ ತೀರ್ಮಾನಿಸಿಬಿಟ್ಟರು: ಕಾಳ ಎಲ್ಲೋ ಸತ್ತಿದೆ, ಅದಕ್ಕೇ ಬೆಳ್ಳಗಾಗಿದೆ. ದೆವ್ವಗಳಿಗೆ ಬಿಳಿಯೇ ಸಮವಸ್ತ್ರ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ವಿಷಯ ಪುರಸಭೆಗೆ ಹೋಯಿತು. ಅವರು ಕುದುರೆಯನ್ನು ಹಿಡಿಸಿ ದೊಡ್ಡಿಯಲ್ಲಿ ಕಟ್ಟಿಸಿದರು. ಈ ಕುದುರೆ ಗೌಡರದು ಹೌದೋ ಅಲ್ಲವೋ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ರಿಜಿಸ್ಟರಿನಲ್ಲಿ ಕಪ್ಪು, ಎದುರಿಗೆ ಬಿಳಿ. ಹಣೆಯಲ್ಲಿ ಮಚ್ಚೆಯೂ ಕಾಣಲಿಲ್ಲ. "ಇದು ಆ ಕುದುರೆಯಲ್ಲ" ಎಂದು ಬರೆದೆ. ನಿಜ ಹೇಳಬೇಕೆಂದರೆ ಭಯಕ್ಕೆ ಬರೆದೆ. ಅದು ಕಾಳನೇ ಆಗಿದ್ದರೆ ನಾನು ದೆವ್ವವನ್ನು ಪರೀಕ್ಷೆ ಮಾಡಿದಂತಾಗುತ್ತಿತ್ತು, ನಮ್ಮ ಇಲಾಖೆಯಲ್ಲಿ ಅದಕ್ಕೆ ಫಾರಂ ಇಲ್ಲ. ವಾರಸುದಾರರಿಲ್ಲದ ಕುದುರೆಯೆಂದು ಅದನ್ನು ಕನಕಪುರದ ಬಳಿ ಮದುವೆ ಮೆರವಣಿಗೆಗೆ ಕುದುರೆ ಕೊಡುವವನೊಬ್ಬನಿಗೆ ಒಪ್ಪಿಸಿದರು. ಗೌಡರು ಜಗಳವಾಡಲಿಲ್ಲ. "ಓದ್ದೋರು ನೀವು, ನೀವ್ ಬರ್ದಿದ್ದೇ ಸರಿ ಇರ್ಬೌದು ಬುಡಿ," ಎಂದು ಹೊರಟುಹೋದರು. ಅವರು ಬೈದಿದ್ದರೇ ಚೆನ್ನಾಗಿತ್ತು.

ಆ ವಾರ ನನಗೆ ಊಟ ರುಚಿಸಲಿಲ್ಲ. ಕೊನೆಗೆ ಮಸ್ತಾನ್ ಸಾಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದರು.

"ಏನ್ ಸಾಬ್, ಇಷ್ಟು ವರ್ಷ ಸಬ್ಜಾ ಸಬ್ಜಾ ಅಂತ ಕೇಳಿದ್ರಲ್ಲ? ಅದು ಹುಟ್ಟೋದೇ ಕಪ್ಪು. ವಯಸ್ಸಾದಂಗೆ ಕೂದಲು ಬೆಳ್ಳಗಾಗ್ತದೆ, ಒಳಗೆ ಚರ್ಮ ಕಪ್ಪೇ ಇರ್ತದೆ. ಹುಟ್ಟು ಮಚ್ಚೆ ಇರೋ ಕಡೆ ಮಾತ್ರ ಚರ್ಮ ಗುಲಾಬಿ. ತಲೆ ಮೇಲೆ ನೀರು ಹಾಕಿ ನೋಡಿ, ಎಲ್ಲಾ ಮೇಲಕ್ಕೆ ಬರ್ತದೆ."

ನಾನು ಒರೆಸಿದರೂ ಹೋಗದ ಆ ನಾಲ್ಕಾರು ಕೂದಲು ಕಣ್ಣ ಮುಂದೆ ಬಂದವು. ನಾಚಿಕೆಯಾಯಿತು. ಮರುದಿನವೇ ಗೌಡರನ್ನು ಕರೆದುಕೊಂಡು ಕನಕಪುರದ ಬಸ್ಸು ಹತ್ತಿದೆ.

ತಗಡಿನ ಕೊಟ್ಟಿಗೆಯೊಳಗೆ ನಾಲ್ಕು ಬಿಳಿ ಕುದುರೆಗಳಿದ್ದವು. ನಾವು ಒಳಗೆ ಕಾಲಿಟ್ಟದ್ದೇ ನಾಲ್ಕೂ ಒಟ್ಟಿಗೆ ತಲೆ ತಿರುಗಿಸಿದವು. ಅಳತೆ ಒಂದೇ, ಬಣ್ಣ ಒಂದೇ. ಹಗಲಾಗಿದ್ದರೂ ನಾನು ಬಾಗಿಲ ಹತ್ತಿರವೇ ನಿಂತೆ. ಯಜಮಾನ, "ನಿಮ್ದು ಅಂತ ಪ್ರೂಫ್ ತೋರ್ಸಿ, ಹೊಡ್ಕಂಡೋಗಿ," ಅಂದ.

ಗೌಡರು ಅಲ್ಲಿದ್ದ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ನೆಟ್ಟಗೆ ಮೂರನೆಯದರ ಹತ್ತಿರ ಹೋದರು. ಹಣೆಯ ಮೇಲೆ ನಿಧಾನವಾಗಿ ಸುರಿದರು. ಬಿಳಿ ಕೂದಲು ಚರ್ಮಕ್ಕೆ ಅಂಟಿಕೊಂಡಿತು, ಅಡಿಯಿಂದ ಕಪ್ಪು ಮೇಲೆದ್ದಿತು. ಬಿಳಿ ಕುದುರೆಯ ಒಳಗಿದ್ದ ಇನ್ನೊಂದು ಕುದುರೆ ಹೊರಗೆ ಇಣುಕಿದ ಹಾಗಾಯಿತು. ಆ ಕಪ್ಪಿನ ನಡುವೆ ಗುಲಾಬಿ ಬಣ್ಣದ ವೀಳ್ಯದೆಲೆ ಮೂಡಿತು. ತುದಿ ಎಡಕ್ಕೆ ವಾಲಿತ್ತು. ಅಲ್ಲೇ ಕೂತು, ನಾನು ಹಿಂದೆ ಬರೆದದ್ದು ತಪ್ಪು, ಇದು ಗೌಡರ ಕುದುರೆಯೇ ಎಂದು ಬರೆದುಕೊಟ್ಟೆ. ಯಜಮಾನ ಹಗ್ಗ ಬಿಚ್ಚಿದ.

ಬಂದ ಕೆಲಸ ಮುಗಿದಿತ್ತು. ಆದರೆ ಗೌಡರು ಮತ್ತೆ ತೊಟ್ಟಿಗೆ ಹೋಗಿ ನೀರು ತಂದರು. ಉಳಿದ ಮೂರರ ತಲೆಯ ಮೇಲೂ ಒಂದೊಂದಾಗಿ ಸುರಿದರು. ಮೂರೂ ಕಪ್ಪಾದವು. ಒಂದರ ಹಣೆಯಿಂದ ಮೂಗಿನವರೆಗೆ ನಾಮದಂಥ ಗೆರೆ ಎದ್ದಿತು. ಇನ್ನೊಂದಕ್ಕೆ ಅವರೆಕಾಳಿನಷ್ಟು ಚುಕ್ಕೆ. ಮತ್ತೊಂದಕ್ಕೆ ಕಣ್ಣಿನ ಮೇಲೆ ಅರ್ಧ ಚಂದ್ರ. ಇಷ್ಟು ವರ್ಷ ಅವುಗಳ ಹಣೆಗೆ ಜರಿಪಟ್ಟಿ ಕಟ್ಟಿದ ಯಜಮಾನನೇ ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಬಿಸಿಲು ಒಳಗೆ ಬಂತು, ಕೂದಲು ಒಣಗಿತು, ಗುರುತುಗಳು ಒಂದೊಂದಾಗಿ ಮುಳುಗಿದವು.

"ನಿಮ್ಮದು ಮೊದಲೇ ಸಿಕ್ಕಿತಲ್ಲ ಗೌಡ್ರೇ, ಅವನ್ನು ಯಾಕೆ ತೋಯಿಸಿದಿರಿ?" ಎಂದು ಕೇಳಿದೆ.

ಗೌಡರು ಟವೆಲಿನಿಂದ ಕಾಳನ ಮುಖ ಒರೆಸುತ್ತಿದ್ದರು. "ಅವೂ ಎಲ್ಲಿಂದ ಬಂದ್ವೋ ಏನೋ ಸಾ. ಅವುನ್ನ ಹುಡುಕ್ಕಂಡು ಯಾರೂ ಬರಾಕಿಲ್ಲ. ಒಂದ್ ದಪ ಆದ್ರೂ ಯಾರಾರ ಒಸಿ ಗುರ್ತು ನೋಡ್ಲಿ ಅಂತ."